ಜಾಝ್ ಗಿಟಾರ್ ಕೇಳುವುದನ್ನು ನಾನು ಕಲಿತದ್ದು ಹೀಗೆ

ಜಾಝ್ ಗಿಟಾರ್ ಮೊದಲ ಸಲ ಕೇಳಿದವರಿಗೆ ವೇಗ ಮಾತ್ರ ಕಾಣುತ್ತದೆ. ಕೇಳುತ್ತಾ ಎಲ್ಲಿದ್ದೇವೆ ಅನ್ನೋದೇ ತಿಳಿಯೋದಿಲ್ಲ. ನನಗೆ ದಾರಿ ತೋರಿಸಿದವರು ಕಲಬುರಗಿಯ ನಮ್ಮ ಓಣಿಯ ಭಜನೆಯಲ್ಲಿ ತಬಲಾ ನುಡಿಸುವ ಕಾಕಾ. ಅವರಿಗೆ ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ ಅವರ ‘ಡಿ ನ್ಯಾಚುರಲ್ ಬ್ಲೂಸ್’ ಹಚ್ಚಿ ಕೇಳಿಸಿದೆ. ಸುಮ್ನೆ ತೊಡೆ ಮೇಲೆ ತಾಳ ಹಾಕುತ್ತಾ ಕೂತರು. ಆಮೇಲೆ, "ಬೆರಳಿನ ಹಿಂದ ಓಡಬ್ಯಾಡೋ. ಮೊದ್ಲ ಸಮ್ ಹಿಡಿ, ಉಳಿದಿದ್ದು ತಾನೇ ಬರ್ತದ" ಅಂದರು. ಸಮ್ ಅಂದರೆ ತಾಳದ ಸುತ್ತಿನ ಮೊದಲ ಮಾತ್ರೆ (ಪೆಟ್ಟು).

ಅವತ್ತು ಕೇಳಿಸಿದ್ದು ಬ್ಲೂಸ್ ಅನ್ನೋ ಬಗೆಯದು. ಅದರ ಒಂದು ಸುತ್ತು ಸಾಮಾನ್ಯವಾಗಿ 12 ಬಾರ್, ಅಂದರೆ 12 ಸಮ ತುಂಡು. ಒಂದೊಂದು ಬಾರ್‌ಗೆ 4 ಮಾತ್ರೆ. ನಾಲ್ಕು ಬೆರಳಿಗೆ ಮೂರು ಮೂರು ಗೆಣ್ಣು, ಲೆಕ್ಕ ಸರಿಯಾಗುತ್ತದೆ ಅಲ್ವಾ? ಹೆಬ್ಬೆರಳಿನಿಂದ ಬಾರ್‌ಗೊಂದು ಗೆಣ್ಣು ಮುಟ್ಟುತ್ತಾ ಹೋಗುತ್ತೇನೆ. ಐದನೇ ಗೆಣ್ಣಿಗೆ ಬಾಸ್, ಅಂದರೆ ಕೆಳಗಿನ ದಪ್ಪ ಸ್ವರ, ಜಾಗ ಬದಲಿಸುತ್ತದೆ. ಕೊನೆಯ ಗೆಣ್ಣು ದಾಟಿದರೆ ಮತ್ತೆ ಸಮ್. ಇದು ಕೈಗೆ ಕೂತ ಮೇಲೆ ವೆಸ್ ಏನು ಕಟ್ಟುತ್ತಿದ್ದಾರೆ ಅನ್ನೋದು ಕೇಳಿಸತೊಡಗಿತು. ಅವರು ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಹಿಡಿಯದೆ ಹೆಬ್ಬೆರಳಿನಿಂದ ನುಡಿಸುತ್ತಿದ್ದರು, ಅದಕ್ಕೇ ಆ ಮೆತ್ತನೆ ನಾದ. ಎಷ್ಟೋ ಸೋಲೋಗಳಲ್ಲಿ ಮೊದಲು ಒಂಟಿ ಸ್ವರ, ಆಮೇಲೆ ಅದೇ ಸ್ವರ ಮಂದ್ರದಲ್ಲೂ ಮೇಲೂ ಒಟ್ಟಿಗೆ, ಕೊನೆಗೆ ತುಂಬು ಕಾರ್ಡ್‌ಗಳು, ಅಂದರೆ ಹಲವು ಸ್ವರ ಒಟ್ಟಿಗೆ. ಒಂದರಿಂದ ಇನ್ನೊಂದಕ್ಕೆ ದಾಟುವ ಆ ಗಳಿಗೆಗೆ ನಾನು ಈಗಲೂ ಕಾಯುತ್ತೇನೆ.

ಇನ್ನೊಬ್ಬ ಜಾಝ್ ಗಿಟಾರ್ ವಾದಕ ಜೋ ಪಾಸ್ ಅವರ ‘ವರ್ಚುಯೊಸೊ’ ಆಲ್ಬಂ ಬೇರೆಯದೇ ಲೋಕ. 1973ರ ರೆಕಾರ್ಡಿಂಗ್. ಬಾಸ್ ಇಲ್ಲ, ಡ್ರಮ್ಸ್ ಇಲ್ಲ, ಗಿಟಾರ್ ಒಂದೇ. ಇಲ್ಲಿ ಗೆಣ್ಣಿನ ಲೆಕ್ಕ ನಡೆಯೋದಿಲ್ಲ, ಬೇಕೆಂದಲ್ಲಿ ಲಯ ಸಡಿಲ ಬಿಡುತ್ತಾರೆ. ದಪ್ಪ ತಂತಿಗಳನ್ನು ಮಾತ್ರ ಹಿಂಬಾಲಿಸಿ. ಬಾಸು, ಕಾರ್ಡು, ರಾಗ ಮೂರೂ ಒಟ್ಟಿಗೆ ನಡೆಯುತ್ತಿರುವಂತೆ ಅನಿಸುತ್ತದೆ. ಎಷ್ಟೋ ಕಡೆ ಅವರು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುತ್ತಿರುತ್ತಾರೆ, ಬಿಟ್ಟದ್ದನ್ನು ನಮ್ಮ ಕಿವಿ ತುಂಬಿಕೊಳ್ಳುತ್ತದೆ. ನನ್ನ ಮಟ್ಟಿಗೆ ನಿಜವಾದ ಕೈಚಳಕ ಇದು, ವೇಗ ಅಲ್ಲ.

ಹೆಡ್‌ಫೋನ್ ಮಾತ್ರ ಬೇಕೇ ಬೇಕು. ಫೋನಿನ ಸ್ಪೀಕರಿನಲ್ಲಿ ದಪ್ಪ ತಂತಿ ಕೇಳೋದೇ ಇಲ್ಲ. ನಮ್ಮೂರ ಬೇಸಿಗೆಯಲ್ಲಂತೂ ಕೂಲರ್ ಸದ್ದು ಉಳಿದದ್ದನ್ನೂ ನುಂಗುತ್ತದೆ. ನಾನು ಜಾಸ್ತಿ ಕೇಳೋದು ರಾತ್ರಿ, ಮಾಳಿಗೆ ಮೇಲೆ.

ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಕೇಳಬೇಕೆಂದರೆ ಜಾಝ್ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಅವರ ರಚನೆ ‘ರೌಂಡ್ ಮಿಡ್‌ನೈಟ್’ ತೆಗೆದುಕೊಳ್ಳಿ. ವೆಸ್ 1959ರಲ್ಲಿ ಆರ್ಗನ್, ಡ್ರಮ್ಸ್ ಜೊತೆ ನುಡಿಸಿದ್ದಾರೆ. ಜೋ ಪಾಸ್ ‘ವರ್ಚುಯೊಸೊ’ದಲ್ಲಿ ಒಬ್ಬರೇ ನುಡಿಸಿದ್ದಾರೆ. ಮೊದಲು ವೆಸ್ ಕೇಳಿ. ಆರ್ಗನ್ ಮಾಡುತ್ತಿದ್ದ ಕೆಲಸವನ್ನು ಜೋ ಪಾಸ್ ಯಾವ ತಂತಿಗೆ ಕೊಟ್ಟಿದ್ದಾರೆ ಅಂತ ಆಮೇಲೆ ಹುಡುಕಿ.