ಮೊದಲು ಕಾರಿಗೆ ಜಾಗ, ಆಮೇಲೆ ನಿಮಗೆ ಕೊಠಡಿ

ಮಡಿಕೇರಿಯಲ್ಲಿ ಮನೆಯಿದ್ದವರಿಗೆ ಡಿಸೆಂಬರ್ ಬಂತೆಂದರೆ ಒಂದು ಬಿಟ್ಟಿ ಉದ್ಯೋಗ ಗಂಟುಬೀಳುತ್ತದೆ. ಬೆಂಗಳೂರು, ಮೈಸೂರುಗಳಿಂದ ನೆಂಟರ ಫೋನು: ‘ಕಾರಿನಲ್ಲಿ ಬರುತ್ತಿದ್ದೇವೆ, ಕಡಿಮೆ ಬಾಡಿಗೆಯ ರೂಮೊಂದು ನೋಡಿಡಿ.’ ಬಿಸಿನೀರು ಬರುತ್ತದೆಯೇ, ಕಿಟಕಿಯಿಂದ ಬೆಟ್ಟ ಕಾಣುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಕಾರನ್ನು ಎಲ್ಲಿ ನಿಲ್ಲಿಸುವುದು ಎಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿದ್ದಿಲ್ಲ.

ಕೊಡಗಿಗೆ ರೈಲಿಲ್ಲ. ಬರುವವರೆಲ್ಲ ರಸ್ತೆಯಲ್ಲೇ ಬರಬೇಕು. ಬೆಂಗಳೂರಿನಿಂದ ಸುಮಾರು 260 ಕಿ.ಮೀ., ಮೈಸೂರಿನಿಂದ 120. ಮಡಿಕೇರಿಯಾದರೋ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿ ಬೆಟ್ಟದ ಮೈಗೆ ಅಂಟಿಕೊಂಡ ಪೇಟೆ. ಸಪಾಟು ನೆಲ ಸಿಕ್ಕಲ್ಲೆಲ್ಲ ಕಟ್ಟಡ ಎದ್ದಿದೆ, ಉಳಿದದ್ದು ಏರು ಇಲ್ಲವೇ ಇಳಿಜಾರು. ಇಲ್ಲಿ ಅಗ್ಗದ ರೂಮು ಹುಡುಕುವ ಕೆಲಸದಲ್ಲಿ ಅರ್ಧ ಪಾಲು ಕಾರಿಗೆ ಜಾಗ ಹುಡುಕುವುದೇ.

ದಿನ ಮತ್ತು ಊರು

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಶನಿವಾರ ಕೇಳಿದ ಬಾಡಿಗೆಗೂ ಮಂಗಳವಾರ ಕೇಳಿದ ಬಾಡಿಗೆಗೂ ಅಜಗಜಾಂತರ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ವಾರ, ಬೇಸಿಗೆ ರಜೆ, ಸಾಲು ರಜೆಗಳಲ್ಲಿ ‘ಅಗ್ಗ’ ಎಂಬ ಪದವನ್ನು ಮರೆತುಬಿಡಿ. ಮಡಿಕೇರಿ ದಸರಾ ನೋಡಲು ಬರುವವರಂತೂ ಇನ್ನೊಂದು ಮಾತು ತಿಳಿದಿರಬೇಕು. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮೆರವಣಿಗೆಯ ಮಂಟಪಗಳು ಬೆಳಗಿನವರೆಗೂ ಬೀದಿಯಲ್ಲಿರುತ್ತವೆ. ಪೇಟೆಯೊಳಗೆ ಕಾರಿಗೆ ಪ್ರವೇಶವೇ ಇರುವುದಿಲ್ಲ. ಮುಖ್ಯರಸ್ತೆಯಲ್ಲಿ ರೂಮು ಹಿಡಿದು ಕಾರನ್ನು ಎಲ್ಲೋ ಬಿಟ್ಟು, ಪೆಟ್ಟಿಗೆ ಹೊತ್ತು ಜನಸಾಗರದಲ್ಲಿ ಈಜಿದವರನ್ನು ಪ್ರತಿವರ್ಷ ನೋಡುತ್ತೇನೆ.

ಆಮೇಲೆ ಊರು. ರಾಜಾಸೀಟಿನ ಪಕ್ಕದಲ್ಲೇ ಇರಬೇಕೆಂಬ ಹಟ ಬಸ್ಸಿನಲ್ಲಿ ಬಂದವರಿಗೆ ಸರಿ. ನಿಮ್ಮ ಬಳಿ ಕಾರಿದೆ, ಎರಡು ಮೂರು ಕಿಲೋಮೀಟರ್ ಆಚೆ ಉಳಿದರೆ ಕಳೆದುಕೊಳ್ಳುವುದೇನು? ಪೇಟೆಯ ನಡುವಿನಿಂದ ದೂರ ಸರಿದಷ್ಟೂ ಬಾಡಿಗೆ ಇಳಿಯುತ್ತದೆ, ಅಂಗಳ ಅಗಲವಾಗುತ್ತದೆ. ಇನ್ನೂ ಧಾರಾಳ ಬೇಕೆಂದರೆ ಸುಮಾರು 30 ಕಿ.ಮೀ. ಮೊದಲೇ ಸಿಗುವ ಕುಶಾಲನಗರದಲ್ಲಿ ಇಳಿಯಿರಿ. ಕಾವೇರಿ ದಂಡೆಯ ಸಮತಟ್ಟಾದ ಊರು, ಗಾಡಿ ತಿರುಗಿಸಲು ಹೆಣಗಬೇಕಿಲ್ಲ. ನಿಸರ್ಗಧಾಮ, ದುಬಾರೆ, ಬೈಲುಕುಪ್ಪೆಯ ಸುವರ್ಣ ಮಂದಿರ ಎಲ್ಲವೂ ಆ ಕಡೆಗೇ ಹತ್ತಿರ. ಆದರೆ ಬೆಳಗ್ಗೆ ಕಿಟಕಿ ತೆರೆದರೆ ಮಂಜು ಮುಖಕ್ಕೆ ಬಡಿಯಬೇಕು ಎನ್ನುವವರಿಗೆ ಕುಶಾಲನಗರ ಆಗದು, ಅದನ್ನು ಮುಚ್ಚಿಡುವುದಿಲ್ಲ. ಅಲ್ಲಿ ಉಳಿದು ಮಡಿಕೇರಿ ಸುತ್ತುವವರು ಕತ್ತಲಾಗುವ ಮುನ್ನ ಹಿಂದಿರುಗುವುದು ಒಳ್ಳೆಯದು. ದಾರಿಯ ಆನೆಕಾಡಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

ಫೋನ್ ಮಾಡಿ, ಬಾಯಿಬಿಟ್ಟು ಕೇಳಿ

ಬುಕಿಂಗ್ ಆ್ಯಪ್‌ಗಳಲ್ಲಿ ಬಾಡಿಗೆ ಹೋಲಿಸಿ ನೋಡಿ, ತಪ್ಪಿಲ್ಲ. ಹಣ ಕಟ್ಟುವ ಮೊದಲು ಮಾತ್ರ ಲಾಡ್ಜ್‌ಗೆ ನೇರವಾಗಿ ಫೋನ್ ಮಾಡಿ. ಆ್ಯಪ್‌ನಲ್ಲಿ ‘ಉಚಿತ ಪಾರ್ಕಿಂಗ್’ ಎಂದಿದ್ದರೆ ಅದಕ್ಕೆ ಹಲವು ಅರ್ಥಗಳಿವೆ. ಕಾಂಪೌಂಡಿನ ಒಳಗೆ ಇರಬಹುದು, ಎದುರಿನ ರಸ್ತೆಬದಿ ಇರಬಹುದು, ‘ಮೊದಲು ಬಂದವರ ಪುಣ್ಯ’ವೂ ಇರಬಹುದು.

ನನ್ನ ಅಳಿಯ ಇದನ್ನು ಅನುಭವಿಸಿ ಕಲಿತ. ಫೋಟೊದಲ್ಲಿ ರೂಮು ಚೆನ್ನಾಗಿತ್ತು, ಬಾಡಿಗೆಯೂ ಹಿತವಾಗಿತ್ತು. ಹೋಗಿ ನೋಡಿದರೆ ರಸ್ತೆಯಿಂದ ಲಾಡ್ಜ್‌ನ ಅಂಗಳಕ್ಕೆ ಗೋಡೆಯಂತೆ ಎದ್ದುನಿಂತ ಕಾಂಕ್ರೀಟ್ ಏರು. ತಗ್ಗಾದ ಸೆಡಾನ್ ಅರ್ಧ ಹತ್ತಿತು, ತಳ ‘ಕರ‍್’ ಎಂದು ಉಜ್ಜಿತು, ಹಿಂದೆ ಜಾರಿತು. ಮೂರನೇ ಸಲಕ್ಕೆ ಅಂತೂ ಹತ್ತಿಸಿದ. ರಾತ್ರಿ ಇನ್ನೂ ಮೂರು ಕಾರು ಬಂದು ಬೆನ್ನಹಿಂದೆಯೇ ನಿಂತವು. ಬೆಳಗ್ಗೆ ಐದಕ್ಕೆ ತಲಕಾವೇರಿಗೆ ಹೊರಟವನು, ಯಾವ ಕಾರು ಯಾವ ರೂಮಿನವರದ್ದೆಂದು ತಿಳಿಯದೆ, ಸ್ವೆಟರ್ ತೊಟ್ಟು ಬಾಗಿಲು ಬಾಗಿಲು ಬಡಿಯುತ್ತಿದ್ದನಂತೆ. ಹೊರಟಾಗ ಏಳೂವರೆ.

ಹಾಗಾಗಿ ‘ಪಾರ್ಕಿಂಗ್ ಇದೆಯೇ’ ಎಂದಷ್ಟೇ ಕೇಳಬೇಡಿ, ‘ಇದೆ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಾಂಪೌಂಡಿನೊಳಗೆ ಎಷ್ಟು ಕಾರು ಹಿಡಿಯುತ್ತವೆ, ರೂಮುಗಳೆಷ್ಟು ಎಂದು ಕೇಳಿ. ಇಪ್ಪತ್ತು ರೂಮಿಗೆ ಆರು ಕಾರಿನ ಜಾಗವೆಂದರೆ ಉಳಿದ ಲೆಕ್ಕ ನೀವೇ ಹಾಕಬಲ್ಲಿರಿ. ನಿಮ್ಮ ಕಾರಿನ ಹೆಸರು ಹೇಳಿ, ತಳ ತಾಗದೆ ಹತ್ತುತ್ತದೆಯೇ ಎಂದು ವಿಚಾರಿಸಿ. ಕಾರುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸುತ್ತಾರೆಂದಾದರೆ ಬೆಳಗ್ಗೆ ಹೊರಡುವ ಹೊತ್ತನ್ನು ಮೊದಲೇ ತಿಳಿಸಿ. ಬಾಡಿಗೆ ಕಾರಾದರೆ ಚಾಲಕನಿಗೆ ಮಲಗಲು ಜಾಗವಿದೆಯೇ? ಬಹಳ ಮಂದಿ ಇದನ್ನು ಮರೆಯುತ್ತಾರೆ. ಪಾಪ, ಆತ ಮಡಿಕೇರಿಯ ಚಳಿಯಲ್ಲಿ ಸೀಟು ಒರಗಿಸಿ ರಾತ್ರಿ ಕಳೆಯುತ್ತಾನೆ. ಮಾರನೆಯ ದಿನ ಘಟ್ಟದ ತಿರುವುಗಳಲ್ಲಿ ನಿಮ್ಮ ಜೀವ ಇರುವುದು ಅವನ ಕೈಯಲ್ಲಿ.

ಇನ್ನೊಂದು ಸಣ್ಣ ಮಾತು. ಇಲ್ಲಿಗೆ ಬಂದು ದಾರಿಹೋಕರನ್ನು ‘ಒಳ್ಳೆಯ ಹೋಟೆಲ್ ಎಲ್ಲಿದೆ’ ಎಂದು ಕೇಳಿದರೆ ದೋಸೆ ಸಿಗುವ ಕಡೆ ಕೈ ತೋರಿಸುತ್ತಾರೆ. ‘ಲಾಡ್ಜ್’ ಎನ್ನಿ, ‘ರೂಂ’ ಎನ್ನಿ.

ದುಡ್ಡಿನ ಲೆಕ್ಕ

ಬಾಡಿಗೆ ಹೇಳುವಾಗ ಜಿಎಸ್‌ಟಿ ಸೇರಿದೆಯೇ ಎಂದು ಕೇಳಿಬಿಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಶೇ 5ರ ತೆರಿಗೆ. ಅದಕ್ಕೂ ಮೊದಲು ಶೇ 12 ಇತ್ತು. 1,500 ರೂಪಾಯಿಯ ರೂಮಿಗೆ 75 ರೂಪಾಯಿ ಸೇರುತ್ತದೆ, ಅಷ್ಟೇ. ಹಳೆಯ ದರ ಹಿಡಿದು ಬಿಲ್ ಕೊಟ್ಟರೆ ಕೇಳಲು ಸಂಕೋಚ ಬೇಡ.

ಮಡಿಕೇರಿಯಲ್ಲಿ ಎ.ಸಿ. ರೂಮಿಗೆ ಹೆಚ್ಚಿನ ದುಡ್ಡು ಕೊಡುವುದು ನನ್ನ ಪ್ರಕಾರ ಶುದ್ಧ ದಂಡ. ವರ್ಷದ ಬಹುಪಾಲು ಇಲ್ಲಿ ಫ್ಯಾನನ್ನೂ ಯಾರೂ ಹುಡುಕುವುದಿಲ್ಲ. ಅದೇ ದುಡ್ಡನ್ನು ಗೀಸರ್ ಇರುವ ರೂಮಿಗೆ ಹಾಕಿ. ಬಿಸಿನೀರು ಸೋಲಾರ್‌ನದ್ದೊಂದೇ ಆಗಿದ್ದರೆ ಮಳೆಗಾಲದಲ್ಲಿ ದೇವರೇ ಗತಿ. ತಿಂಡಿ ಸೇರಿದ ಬಾಡಿಗೆಯೂ ನನಗೆ ಒಗ್ಗದು. ಹೊರಗೆ ಹೋಗಿ ಅಕ್ಕಿ ಶಾವಿಗೆಯಂಥ ಬಿಸಿ ನೂಲ್‌ಪುಟ್ಟು ತಿನ್ನುವ ಅವಕಾಶವನ್ನು ಒಣ ಬ್ರೆಡ್ಡಿಗೆ ಮಾರಿಕೊಂಡಂತೆ.

ತಲುಪಿದ ಮೇಲೆ

ಕತ್ತಲಾಗುವುದರೊಳಗೆ ತಲುಪಿ. ಮಂಜು ಇಳಿದ ಮೇಲೆ ಮೊಬೈಲ್ ನಕ್ಷೆ ತೋರಿಸುವ ಒಳದಾರಿ ನಂಬಿ ಯಾರದೋ ಮನೆಯ ಮೆಟ್ಟಿಲ ಬುಡದಲ್ಲಿ ನಿಂತವರಿದ್ದಾರೆ. ಪೆಟ್ಟಿಗೆ ಇಳಿಸುವ ಮೊದಲು ರೂಮಿನೊಳಗೆ ಹೋಗಿ ಮೂಗಿನಿಂದ ಪರೀಕ್ಷೆ ಮಾಡಿ. ಮುಗ್ಗುಲು ವಾಸನೆ ಬಂತೆಂದರೆ ಕಪಾಟಿನ ಹಿಂದೆ ಬೂಷ್ಟು ಹಿಡಿದಿದೆ ಎಂದೇ ಅರ್ಥ. ಬೇರೆ ರೂಮು ಕೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆ ಇಳಿಯುತ್ತದೆ. ಮಳೆ ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಆಗ ಕಾರಿನ ಜಾಗವನ್ನು ಎರಡು ಬಾರಿ ನೋಡಬೇಕು. ಬೆಟ್ಟ ಕಡಿದು ಮಾಡಿದ ಅಂಗಳವಾದರೆ ಹಿಂದೆ ನೆಟ್ಟಗೆ ನಿಂತ ಮಣ್ಣಿನ ಬರೆ ಇರುತ್ತದೆ. ನೆನೆದ ಬರೆ ಯಾವಾಗ ಜರಿಯುತ್ತದೆಂದು ಹೇಳಲಾಗದು. 2018ರ ಆಗಸ್ಟ್‌ನ ಮಳೆಯಲ್ಲಿ ಮಡಿಕೇರಿ–ಮಂಗಳೂರು ಹೆದ್ದಾರಿಯೇ ಕುಸಿದು ಸಂಚಾರ ನಿಂತುಹೋಗಿತ್ತು. ಬರೆಯ ಬುಡಕ್ಕೂ ಬೇಡ, ತಡೆಗೋಡೆಯ ಅಂಚಿಗೂ ಬೇಡ, ಗಾಳಿಗೆ ಕೊಂಬೆ ಉದುರಿಸುವ ಸಿಲ್ವರ್ ಓಕ್ ಮರದಡಿಯೂ ಬೇಡ.

ಇಳಿಜಾರಿನಲ್ಲೇ ನಿಲ್ಲಿಸಬೇಕಾಗಿ ಬಂದರೆ ಹ್ಯಾಂಡ್‌ಬ್ರೇಕ್ ಒಂದನ್ನೇ ನೆಚ್ಚಬೇಡಿ. ಮೂತಿ ಮೇಲಕ್ಕಿದ್ದರೆ ಮೊದಲ ಗೇರ್, ಕೆಳಕ್ಕಿದ್ದರೆ ರಿವರ್ಸ್ ಗೇರ್ ಹಾಕಿ, ಚಕ್ರಕ್ಕೆ ಅಂಗಳದ್ದೇ ಒಂದು ಕಲ್ಲು ಒತ್ತು ಕೊಡಿ. ಗಾಜಿನೊಳಗೆ ರೂಮಿನ ಸಂಖ್ಯೆ, ಮೊಬೈಲ್ ಸಂಖ್ಯೆ ಬರೆದ ಚೀಟಿ ಇಡಿ. ಬೆಳಗ್ಗೆ ಹೊರಡುವಾಗ ಆ ಕಲ್ಲನ್ನು ಬದಿಗೆ ಸರಿಸಲು ಮರೆಯಬೇಡಿ, ಹಿಂದಿನ ಕಾರಿನವರೂ ಅಷ್ಟೊತ್ತಿಗೆ ಎದ್ದಿರುತ್ತಾರೆ.