‘ಆದಷ್ಟು ಬೇಗ’ ಅಂದರೆ ಎಷ್ಟು ದಿನ? ಊರಲ್ಲೇ ಸಂವಿಧಾನ ಸಂವಾದ ನಡೆಸುವ ಬಗೆ

ಸುಪ್ರೀಂ ಕೋರ್ಟ್ ದೊಡ್ಡದೊಂದು ತೀರ್ಪು ಕೊಟ್ಟ ದಿನ ಟೀವಿ ತುಂಬಾ ಅದೇ ಚರ್ಚೆ. ಮರುದಿನ ಬೇರೆ ಸುದ್ದಿ. ‘ಇದರಲ್ಲಿ ನಿಜವಾಗಿ ಹೇಳಿದ್ದೇನು?’ ಅಂತ ಕೇಳಬೇಕು ಅನ್ನಿಸಿದವರಿಗೆ ಕೇಳುವ ಜಾಗವೇ ಇರುವುದಿಲ್ಲ. ಬೆಂಗಳೂರಿನಲ್ಲಾದರೆ ಉಪನ್ಯಾಸಗಳು ನಡೆಯುತ್ತಿರುತ್ತವೆ. ಸಣ್ಣ ಊರಿನವರು ಏನು ಮಾಡಬೇಕು? ನಾವು ಆರು ಜನ ಸೇರಿ ನಮ್ಮ ತಾಲ್ಲೂಕು ಕೇಂದ್ರದ ಲೈಬ್ರರಿ ಹಾಲ್‌ನಲ್ಲಿ ನಾಲ್ಕು ವರ್ಷದಿಂದ ಇಂಥ ಸಂವಾದ ನಡೆಸುತ್ತಿದ್ದೇವೆ. ಖರ್ಚು ಕಡಿಮೆ, ತಯಾರಿ ಮಾತ್ರ ಬೇಕು. ನೀವೂ ಮಾಡಬಹುದು.

ಮೊದಲು ಪ್ರಶ್ನೆ ಹುಡುಕಿ

‘ಸಂವಿಧಾನ ಮತ್ತು ನಾವು’ ಅಂತ ಹೆಸರಿಟ್ಟರೆ ಭಾಷಣ ಎತ್ತ ಬೇಕಾದರೂ ಹೋಗುತ್ತದೆ. ನಮ್ಮ ಮೊದಲ ಕಾರ್ಯಕ್ರಮದಲ್ಲಿ ಹಾಗೇ ಆಯಿತು. ಭಾಷಣಕಾರರು 1 ಗಂಟೆ 40 ನಿಮಿಷ ಮಾತಾಡಿದರು. ತಪ್ಪು ಅವರದ್ದಲ್ಲ. ಇಷ್ಟೇ ಹೇಳಿ ಅಂತ ನಾವು ಗೆರೆ ಹಾಕಿಕೊಟ್ಟಿರಲಿಲ್ಲ. ಪ್ರಶ್ನೆ ಕೇಳಬೇಕು ಅಂತ ಬಂದವರು ಬಸ್ಸಿನ ಹೊತ್ತಾಯಿತು ಅಂತ ಎದ್ದು ಹೋದರು.

ಆಮೇಲಿಂದ ಒಂದು ಸಂಜೆಗೆ ಒಂದೇ ಪ್ರಶ್ನೆ ಅಂತ ಇಟ್ಟುಕೊಂಡಿದ್ದೇವೆ. ಅದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಓದಿದವರಿಗೂ ಅರ್ಥವಾಗುವಂತಿರಬೇಕು. 2025ರ ಡಿಸೆಂಬರ್‌ನಲ್ಲಿ ನಾವು ಇಟ್ಟ ಪ್ರಶ್ನೆ ಇದು: ‘ವಿಧಾನಸಭೆ ಪಾಸು ಮಾಡಿದ ಮಸೂದೆಯನ್ನು ರಾಜ್ಯಪಾಲರು ಎಷ್ಟು ದಿನ ಇಟ್ಟುಕೊಳ್ಳಬಹುದು?’

ಆ ವರ್ಷ ಇದಕ್ಕೆ ಸುಪ್ರೀಂ ಕೋರ್ಟಿನಿಂದಲೇ ಎರಡು ಬೇರೆ ಬೇರೆ ಉತ್ತರ ಬಂದಿತ್ತು. ಏಪ್ರಿಲ್ 8ರಂದು ತಮಿಳುನಾಡಿನ ಕೇಸಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ರಾಜ್ಯಪಾಲರಿಗೆ ಗಡುವು ಹಾಕಿತು. ತಡೆದಿಟ್ಟಿದ್ದ 10 ಮಸೂದೆಗಳಿಗೆ ಒಪ್ಪಿಗೆ ಸಿಕ್ಕಂತೆಯೇ ಅಂತಲೂ ಹೇಳಿತು. ಆಗ ರಾಷ್ಟ್ರಪತಿ 14 ಪ್ರಶ್ನೆ ಬರೆದು ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 20ರಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು: ಕೋರ್ಟು ಗಡುವು ಹಾಕುವಂತಿಲ್ಲ, ಒಪ್ಪಿಗೆ ಸಿಕ್ಕಿತು ಅಂತ ತಾನೇ ತಿಳಿಯುವಂತಿಲ್ಲ. ಆದರೆ ರಾಜ್ಯಪಾಲರು ಕಾರಣವಿಲ್ಲದೆ ತೀರಾ ಉದ್ದಕ್ಕೆ ಸುಮ್ನೆ ಕೂತರೆ, ‘ಒಂದು ತೀರ್ಮಾನ ಮಾಡಿ’ ಅಂತ ಮಾತ್ರ ಹೇಳಬಹುದು. ಎರಡೂ ಕಡೆ ವಾದ ಗಟ್ಟಿಯಾಗಿರುವ ಇಂಥ ಪ್ರಶ್ನೆ ಸಿಕ್ಕರೆ ಬಿಡಬೇಡಿ. ಜನ ಯೋಚನೆ ಮಾಡುವುದು ಅಲ್ಲೇ.

ಎಲ್ಲರ ಕೈಗೂ ಮೂಲ ಪಠ್ಯ ಕೊಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಸಂವಿಧಾನದ ಕನ್ನಡ ಅನುವಾದ ಸರ್ಕಾರಿ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಸುಪ್ರೀಂ ಕೋರ್ಟಿನ ವೆಬ್‌ಸೈಟಿನಲ್ಲೂ ಕೆಲವು ತೀರ್ಪುಗಳ ಕನ್ನಡ ಅನುವಾದ ಇದೆ. ಚರ್ಚೆಗೆ ಬೇಕಾದ ವಿಧಿಯನ್ನಷ್ಟೇ ಒಂದು ಹಾಳೆಗೆ ತನ್ನಿ. ಅಕ್ಷರ ದೊಡ್ಡದಿರಲಿ, ವಯಸ್ಸಾದವರು ಜಾಸ್ತಿ ಬರುತ್ತಾರೆ. ಹಾಳೆಯ ಹಿಂದೆ ಖಾಲಿ ಬಿಡಿ, ಅದು ಪ್ರಶ್ನೆ ಬರೆಯಲು. 100 ಜೆರಾಕ್ಸ್ ಮಾಡಿಸಿದರೆ ಸಾಕು.

ಅವತ್ತು ನಾವು ಕೊಟ್ಟದ್ದು 200ನೇ ವಿಧಿ. ಮಸೂದೆ ಬಂದಾಗ ರಾಜ್ಯಪಾಲರು ಒಪ್ಪಿಗೆ ಕೊಡಬಹುದು, ತಡೆಹಿಡಿಯಬಹುದು, ಇಲ್ಲವೇ ರಾಷ್ಟ್ರಪತಿಗೆ ಕಾಯ್ದಿರಿಸಬಹುದು. ಧನ ಮಸೂದೆ (ಮನಿ ಬಿಲ್) ಅಲ್ಲದಿದ್ದರೆ, ಮತ್ತೆ ಯೋಚಿಸಿ ಅಂತ ‘ಆದಷ್ಟು ಬೇಗ’ ವಾಪಸ್ ಕಳಿಸಬಹುದು. ಕಾರ್ಯಕ್ರಮ ಶುರುವಾದ ಕೂಡಲೇ ಪಿಯುಸಿ ಹುಡುಗಿಯೊಬ್ಬಳಿಂದ ಈ ವಿಧಿಯನ್ನು ಜೋರಾಗಿ ಓದಿಸಿದೆವು. ಒಮ್ಮೆ ವೇಗವಾಗಿ, ಇನ್ನೊಮ್ಮೆ ನಿಧಾನವಾಗಿ. ಎರಡನೇ ಸಲ ಓದುವಾಗ ಹಾಲ್‌ನಲ್ಲಿ ಪೆನ್ನುಗಳು ಹೊರಬಂದವು.

ಮಾತಾಡುವವರು ಯಾರು?

ದೊಡ್ಡ ಹೆಸರೇ ಬೇಕು ಅಂತಿಲ್ಲ. ತಾಲ್ಲೂಕಿನ ವಕೀಲರ ಸಂಘದಲ್ಲಿ ಕೇಳಿ, ಹತ್ತಿರದ ಕಾನೂನು ಕಾಲೇಜಿಗೆ ಹೋಗಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೂ ಒಂದು ಪತ್ರ ಕೊಡಿ. ಕಾನೂನು ಅರಿವು ಮೂಡಿಸುವುದು ಆ ಸಮಿತಿಯ ಕೆಲಸವೇ, ಅದಕ್ಕಾಗಿ 1987ರ ಕಾಯ್ದೆ ಇದೆ. ಆದರೆ ಕೋರ್ಟಿನಲ್ಲಿ ಬಾಕಿ ಇರುವ ಕೇಸಿನ ಬಗ್ಗೆ ಹಾಲಿ ನ್ಯಾಯಾಧೀಶರು ಅಭಿಪ್ರಾಯ ಹೇಳುವಂತಿಲ್ಲ. ಅಂಥ ವಿಷಯಕ್ಕೆ ಅವರನ್ನು ಕರೆದು ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಒಪ್ಪಿಕೊಂಡವರ ಮನೆಗೆ ಒಂದು ವಾರ ಮೊದಲೇ ಹೋಗಿ ಹಾಳೆ ಕೊಟ್ಟು, ‘ನಿಮಗೆ 35 ನಿಮಿಷ, ಆಮೇಲಿನ 45 ನಿಮಿಷ ಜನರಿಗೆ’ ಅಂತ ಸ್ಪಷ್ಟವಾಗಿ ಹೇಳಿ. ಪಕ್ಷಗಳ ಜಗಳ ಇರುವ ವಿಷಯವಾದರೆ ಎರಡೂ ಕಡೆಯ ವಾದವನ್ನು ಮೊದಲು ಹೇಳಿ, ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಬೇಕು ಅಂತ ಕೇಳಿಕೊಳ್ಳಿ. ಸ್ವಾಗತ, ವಂದನೆ ಎರಡೆರಡು ನಿಮಿಷ ಇರಲಿ. ಹಾರ, ಶಾಲು, ಹಣ್ಣಿನ ಬುಟ್ಟಿ ನಾವು ಬಿಟ್ಟೇಬಿಟ್ಟೆವು. ಅದರಿಂದ ಉಳಿಯುವ ಅರ್ಧ ಗಂಟೆ ಜನರದ್ದು.

ಜಾಗ, ಮೈಕು

ಹಳ್ಳಿಯಾದರೆ ಗ್ರಾಮ ಪಂಚಾಯಿತಿ ಲೈಬ್ರರಿ, ಶಾಲೆ ಅಥವಾ ಸಮುದಾಯ ಭವನ. ಮೊದಲೇ ಲಿಖಿತವಾಗಿ ಕೇಳಿ. ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಚ್ಚುವಂತಿಲ್ಲ. ಕುರ್ಚಿಗಳನ್ನು ಅರ್ಧವೃತ್ತಕ್ಕೆ ಹಾಕಿ. ಕೊನೆ ಬಸ್ಸು ಎಷ್ಟು ಗಂಟೆಗೆ ಅಂತ ನೋಡಿಕೊಂಡು ಸಮಯ ಇಡಿ.

ಪ್ರಶ್ನೆಯ ಹೊತ್ತು

‘ಯಾರಾದರೂ ಪ್ರಶ್ನೆ ಕೇಳಿ’ ಅಂದರೆ ಕೈ ಎತ್ತುವವರು ಯಾವಾಗಲೂ ಅದೇ ಮೂರು ಜನ. ಹಾಗಾಗಿ ಭಾಷಣ ಮುಗಿದ ಮೇಲೆ ಐದು ನಿಮಿಷ ಬಿಡಿ. ಪಕ್ಕದವರ ಹತ್ತಿರ ಮಾತಾಡಿಕೊಂಡು ಹಾಳೆಯ ಹಿಂದೆ ಪ್ರಶ್ನೆ ಬರೆಯಲಿ. ಬರೆಯಲು ಬಾರದವರ ಪಕ್ಕ ನಿಮ್ಮ ಸ್ವಯಂಸೇವಕರೊಬ್ಬರು ಕೂತು ಬರೆದುಕೊಡಲಿ. ಹೆಣ್ಣುಮಕ್ಕಳ ಚೀಟಿಗಳನ್ನು ಮೊದಲು ತೆಗೆದುಕೊಳ್ಳಿ. ನಮ್ಮಲ್ಲಿ ಹಾಗೆ ಮಾಡಿದ ಮೇಲೆ ಅವರು ಬರುವುದೇ ಜಾಸ್ತಿಯಾಯಿತು.

ಅವತ್ತು ಚೀಟಿ ಕೊಟ್ಟವರಲ್ಲಿ ನಮ್ಮ ಪೇಟೆಯ ದರ್ಜಿಯೊಬ್ಬರಿದ್ದರು. ಚೀಟಿ ಓದುವ ಮೊದಲೇ ಎದ್ದು ನಿಂತರು. ‘ಮೇಡಂ, ಸರ್ಕಾರದ ‘ಸಕಾಲ’ ಯೋಜನೆಯಲ್ಲಿ ಅರ್ಜಿ ಹಾಕಿದರೆ ನಮಗೆ ಇಷ್ಟು ದಿನ ಅಂತ ಬರೆದುಕೊಡ್ತಾರೆ. ತಡವಾದರೆ ದಿನಕ್ಕೆ 20 ರೂಪಾಯಿ ಕೊಡಬೇಕು ಅಂತಾನೂ ಇದೆ. ಇಲ್ಲಿ ಆದಷ್ಟು ಬೇಗ ಅಂತ ಯಾಕೆ ಬಿಟ್ಟರು? ಬರೆದವರಿಗೆ ದಿನ ಹಾಕಬೇಕು ಅಂತ ಹೊಳೀಲಿಲ್ವಾ?’

ಹಾಲ್ ಪೂರ್ತಿ ಸುಮ್ಮನಾಯಿತು. ಅವತ್ತು ಭಾಷಣ ಮಾಡಿದ್ದ ಕಾನೂನು ಕಾಲೇಜಿನ ಮೇಡಂ ನೇರವಾಗಿ, ‘ಸಕಾಲದ ಗಡುವು 2011ರ ಕಾಯ್ದೆಯಿಂದ ಬಂದದ್ದು, ಶಾಸನಸಭೆ ಮಾಡಿದ್ದು. ಸಂವಿಧಾನದಲ್ಲಿ ಇಲ್ಲದ ಗಡುವನ್ನು ತಾನು ಸೇರಿಸುವಂತಿಲ್ಲ ಅಂತ ಕೋರ್ಟು ಹೇಳಿದೆ. ಬರೆದವರು ಯೋಚಿಸಿದ್ದರೋ ಇಲ್ಲವೋ, ನನಗೆ ಈಗ ಗೊತ್ತಿಲ್ಲ. ನೋಡಿ ಹೇಳುತ್ತೇನೆ’ ಅಂದರು. ಜನ ಚಪ್ಪಾಳೆ ತಟ್ಟಿದರು. ಗೊತ್ತಿಲ್ಲ ಅನ್ನುವ ಧೈರ್ಯ ಇರುವವರನ್ನೇ ಕರೆಯಬೇಕು ಅಂತ ನನಗೆ ಅನ್ನಿಸಿದ್ದು ಅವತ್ತು.

ಮುಗಿದ ಮೇಲೂ ಸ್ವಲ್ಪ ಕೆಲಸ

ಉತ್ತರ ಸಿಗದ ಪ್ರಶ್ನೆಗಳಿಗೆ ಒಂದು ನೋಟ್‌ಬುಕ್ ಇಡಿ. ಹತ್ತು ದಿನದೊಳಗೆ ಉತ್ತರ ಹುಡುಕಿ ಲೈಬ್ರರಿಯ ನೋಟಿಸ್ ಬೋರ್ಡಿಗೆ ಹಾಕಿ. ದರ್ಜಿಯವರ ಪ್ರಶ್ನೆಗೆ ಮೇಡಂ ಸಂವಿಧಾನ ಸಭೆಯ ಚರ್ಚೆಗಳನ್ನು ತೆಗೆದು ನೋಡಿದರು. ಇದೇ ‘ಆದಷ್ಟು ಬೇಗ’ ಅನ್ನುವ ಮಾತು ರಾಷ್ಟ್ರಪತಿಗಳ ಒಪ್ಪಿಗೆಯ ಬಗ್ಗೆ ಇರುವ 111ನೇ ವಿಧಿಯಲ್ಲೂ ಇದೆ. ಆ ವಿಧಿಯ ಕರಡಿನಲ್ಲಿ ಮಸೂದೆ ವಾಪಸ್ ಕಳಿಸಲು ‘ಆರು ವಾರದೊಳಗೆ’ ಅಂತಲೇ ಇತ್ತು. 1949ರಲ್ಲಿ ಅಂಬೇಡ್ಕರ್ ತಂದ ತಿದ್ದುಪಡಿಯಿಂದ ಅದು ‘ಆದಷ್ಟು ಬೇಗ’ ಅಂತಾಯಿತು. ಈ ಮಾತು ತೀರಾ ಸಡಿಲ ಅಂತ ಸದಸ್ಯ ಎಚ್.ವಿ. ಕಾಮತ್ ಸಭೆಯಲ್ಲೇ ಆಕ್ಷೇಪ ಎತ್ತಿದ್ದರು.

ಇಷ್ಟನ್ನು ಅರ್ಧ ಪುಟದಲ್ಲಿ ಬರೆದು ಬೋರ್ಡಿಗೆ ಪಿನ್ ಮಾಡಿದೆವು. ದರ್ಜಿಯವರು ಸಂಜೆ ಅಂಗಡಿ ಮುಚ್ಚಿ ಬಂದರು. ನಿಂತುಕೊಂಡೇ ಎರಡು ಸಲ ಓದಿದರು. ಆಮೇಲೆ ಜೇಬಿನಿಂದ ಅಳತೆ ಪುಸ್ತಕ ತೆಗೆದು, ಕೊನೆಯ ಹಾಳೆಯಲ್ಲಿ ‘ಆರು ವಾರ, 1949, ಕಾಮತ್’ ಅಂತ ಬರೆದುಕೊಂಡರು. ‘ಮುಂದಿನದ್ದು ಯಾವಾಗ?’ ಅಂತ ಕೇಳಿದರು.