ಮಳೆಗಾಲಕ್ಕೆ ಮುನ್ನ ಸಂತೆಯಲ್ಲಿ ಒಣಮೀನು ಆರಿಸುವುದು ಹೇಗೆ?

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಕಾರವಾರದ ಭಾನುವಾರದ ಸಂತೆಯಂಥ ಕಡೆ ಒಣಮೀನಿನ ಸಾಲಿನಲ್ಲೇ ನೂಕುನುಗ್ಗಲು. ಅರ್ಧ ಗಂಟೆ ಚೌಕಾಸಿ ಮಾಡುವವರೂ ಮೀನನ್ನು ಮುಟ್ಟಿ ನೋಡುವುದಿಲ್ಲ. ಆಷಾಢದಲ್ಲಿ ಡಬ್ಬಿ ತೆರೆದರೆ ಹುಳ.

1. ಮೊದಲ ಮಳೆಗೆ ಮುಂಚೆಯೇ ಹೋಗಿ. ಗಾಳಿಯಲ್ಲಿ ತೇವ ಹೆಚ್ಚಿದರೆ ಉಪ್ಪು ನೀರೆಳೆದುಕೊಳ್ಳುತ್ತದೆ, ತಕ್ಕಡಿಯಲ್ಲಿ ಆ ನೀರಿಗೂ ದುಡ್ಡು. ಬಟ್ಟೆ ಚೀಲ ಒಯ್ಯಿರಿ.

2. ಏನನ್ನೂ ಕೊಳ್ಳದೆ ಸಾಲಿನ ಕೊನೆಯವರೆಗೆ ಒಮ್ಮೆ ನಡೆಯಿರಿ.

3. ಈಗ ಆರಿಸುವುದು. ಎಡವುವುದೆಲ್ಲ ಇಲ್ಲೇ. ರಾಶಿಯ ಮೇಲಿನ ಮೀನು ಯಾವಾಗಲೂ ಚೆಂದ. "ಅಕ್ಕ, ಅಡಿಯದು ಸ್ವಲ್ಪ ತೋರಿಸಿ" ಎಂದು ಕೇಳಿ. ಒಪ್ಪದಿದ್ದರೆ ಮುಂದಿನ ಬುಟ್ಟಿಗೆ ಹೋಗಿ.

ಬಂಗಡೆಯಾದರೆ ಬೆನ್ನೆಲುಬಿನ ಪಕ್ಕ ಹೆಬ್ಬೆರಳಿನಿಂದ ಒತ್ತಿ. ಮಾಂಸ ದಪ್ಪ ಇರುವುದು ಅಲ್ಲೇ, ಕಡೆಗೆ ಒಣಗುವುದೂ ಅಲ್ಲೇ. ಬೆರಳು ಒಳಗಿಳಿದರೆ ಬಿಸಿಲು ಸಾಲದು. ಸೀಳಿ ಒಣಗಿಸಿದ್ದಾದರೆ ಎಲುಬಿನುದ್ದಕ್ಕೂ ಕಪ್ಪುಗಟ್ಟಿದ ರಕ್ತ ಉಳಿದಿದೆಯೇ ನೋಡಿ. ಕೊಳೆಯಲು ಶುರುವಾಗುವುದು ಅಲ್ಲಿಂದಲೇ. ಇಡೀ ಮೀನಿನ ಹೊಟ್ಟೆ ತಾನಾಗಿ ಒಡೆದಿದ್ದರೆ ಉಪ್ಪು ಹಾಕುವ ಮೊದಲೇ ಅದು ಹಳಸಿತ್ತು ಎಂದರ್ಥ.

ಬಿಳಿ ಪುಡಿ ಕಂಡೊಡನೆ ಹೆದರಬೇಡಿ. ಬೆರಳಲ್ಲಿ ಉಜ್ಜಿ: ಹರಳು ಹರಳಾಗಿ ಸಿಕ್ಕರೆ ಉಪ್ಪು, ನಯವಾಗಿ ನೂಲಿನಂತೆ ಅಂಟಿದರೆ ಬೂಷ್ಟು. ಗುಲಾಬಿ ಬಣ್ಣದ ಲೋಳೆ ಕಂಡರೆ ಬೇಡವೇ ಬೇಡ. ಉಪ್ಪಿನಲ್ಲೇ ಬೆಳೆಯುವ ಬ್ಯಾಕ್ಟೀರಿಯಾ ಅದು, ತೊಳೆದರೂ ವಾಸನೆ ಬಿಡುವುದಿಲ್ಲ. ಸಣ್ಣ ತೂತು, ಬುಟ್ಟಿಯ ತಳದಲ್ಲಿ ಕಂದು ಹುಡಿ ಇದ್ದರೆ ಹುಳ ಆಗಲೇ ಒಳಗಿದೆ.

ತಾರ್ಲೆಯಲ್ಲಿ, ಅಂದರೆ ಬೂತಾಯಿ ಮೀನಿನಲ್ಲಿ, ಎಣ್ಣೆ ಜಾಸ್ತಿ. ಮೈ ಹಳದಿಗೆ ತಿರುಗಿ ಕಮಟು ನಾತ ಬಂದರೆ ಅದು ಯಾವ ಮಸಾಲೆಗೂ ಬಗ್ಗುವುದಿಲ್ಲ. ತಿಂಗಳುಗಟ್ಟಲೆ ಇಡುವವರು ತಾರ್ಲೆ ಕಮ್ಮಿ ಕೊಂಡು ಸೀಗಡಿ ಜಾಸ್ತಿ ಕೊಳ್ಳಿ. ಸೀಗಡಿಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಬಿಡಿಬಿಡಿಯಾಗಿ ಉದುರಬೇಕು. ಕಣ್ಣಿಗೆ ರಾಚುವ ಕೆಂಪಿದ್ದರೆ ನಾಲ್ಕು ಕಾಳು ನೀರಿಗೆ ಹಾಕಿ. ತಕ್ಷಣ ನೀರು ಕೆಂಪಾದರೆ ಬಣ್ಣ ಬಳಿದದ್ದು. ಮರಳಿನ ಮೇಲೆ ಒಣಗಿಸಿದ್ದನ್ನು ಎಷ್ಟು ತೊಳೆದರೂ ಹಲ್ಲಿಗೆ ಸಿಗುತ್ತದೆ, ಚಾಪೆಯ ಮೇಲೋ ಬಲೆಯ ಮೇಲೋ ಒಣಗಿದ್ದನ್ನೇ ಕೇಳಿ. ಅಂಗಡಿಯ ಪ್ಲಾಸ್ಟಿಕ್ ಪೊಟ್ಟಣ ನನ್ನ ಲೆಕ್ಕದಲ್ಲಿ ದಂಡ: ಮೂಸಲೂ ಆಗದು, ಮುರಿದು ನೋಡಲೂ ಆಗದು.

4. ಬಂಗಡೆಯನ್ನು ಎಣಿಸಿಯೂ ಕೊಡುತ್ತಾರೆ, ತೂಗಿಯೂ ಕೊಡುತ್ತಾರೆ. ಎಣಿಕೆಯಾದರೆ ಗಾತ್ರ ನೋಡಿ. ತೂಕವಾದರೆ ಮೀನನ್ನು ಒಮ್ಮೆ ಕೊಡವಿಸಿ, ಮೇಲಿನ ಉಪ್ಪು ಉದುರಲಿ.

5. ಮನೆಯಲ್ಲಿ ಎರಡು ದಿನ ಮತ್ತೆ ಬಿಸಿಲಿಗೆ ಹರಡಿ. ಬಹಳ ಮಂದಿ ಕೈಬಿಡುವ ಕೆಲಸ ಇದೇ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದರೆ ಮುಚ್ಚಳದಡಿ ಬೆವರಿ ಬೂಷ್ಟು ಬರುತ್ತದೆ, ಪೂರ್ತಿ ತಣಿಯಲಿ. ಆಮೇಲೆ ಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ಸ್ಟೀಲ್ ಅಥವಾ ಗಾಜಿನ ಡಬ್ಬಿಯಲ್ಲಿಡಿ. ಸೀಗಡಿಯ ತಲೆ, ಬಾಲ ಮುರಿದು ಇಟ್ಟರೆ ಅಡುಗೆಯ ಹೊತ್ತಿಗೆ ಕೆಲಸ ಹಗುರ. ತಾರ್ಲೆಗೆ ಬೇರೆ ಡಬ್ಬಿಯೇ ಇರಲಿ. ಒಟ್ಟಿಗೆ ಇಟ್ಟರೆ ಅದರ ಎಣ್ಣೆ ನಾತ ಸೀಗಡಿಗೂ ಹತ್ತುತ್ತದೆ.